ಜೇನು ಇರಲಿಲ್ಲ

ದೇವಣಗಾಂವ, ತಾ. ಸಿಂದಗಿ
೧೭ ಏಪ್ರಿಲ್ ೧೯೫೫

ತಮ್ಮಾ ಕುತುಬುದ್ದೀನಗ ಸೋಮನಿಂಗ ಬರಿಯೂದು.

ಈ ಚೀಟಿ ನಿನ್ನ ಕೈಯಾಗ ಕೊಡಾಂವ ನನ್ನ ತಮ್ಮ ಪರಸಪ್ಪ. ನೀ ನನ್ನ ಹಂತ್ಯಾಕ ಗಿಡ ಹತ್ತೂದು ಕಲಿಯಾಕ ಬಂದಾಗ ಇಂವ ಇನ್ನೂ ಹೊಳ್ಯಾಗ ಈಸಾಡಿಕೋತ ಇದ್ದ. ನಮ್ಮವ್ವ ಸತ್ತ ಮ್ಯಾಲ ನಾನೇ ಬೆಳಸೇನಿ. ಹೋದ ವರ್ಷ ಸಾಲೋಟಗಿ ಹೆಣ್ಣು ತಂದು ಲಗ್ನ ಮಾಡೇನಿ, ಹುಡಗಿ ಹೆಸರು ಕಾಶಿಬಾಯಿ. ನನ್ನ ಮೊಣಕಾಲು ಈಗ ಗಿಡ ಹತ್ತಾಕ ಒಲ್ಲೆ ಅಂತೈತಿ. ಮನಿತನದ ಕೊಡ್ಲಿ ಇನ್ನ ಇವಂದೇ.

ತಾಳಿಕೋಟಿಯಿಂದ ಮುದ್ದೇಬಿಹಾಳ ತನಕ ತಾರಿನ ಲೈನು ಎಳೀತಾರ, ಸಡಕಿನ ಗಿಡದ ಟೊಂಗಿ ಕಡಸಾಕ ನಿನ್ನ ಮುಕಾದಮ ಮಾಡ್ಯಾರ ಅಂತ ಸಂತ್ಯಾಗ ಕೇಳಿದ್ನಿ. ಎದಿ ಉಬ್ಬಿತು. ಇವನ್ನ ನಿನ್ನ ಮಂದ್ಯಾಗ ಸೇರಿಸಿಕೋ.

ಒಂದ ಮಾತು. ಹೊತ್ತು ಮೂಡೂ ಮುಂದ ಗಿಡ ಏರಸು, ಹತ್ತಕ್ಕ ಇಳಸು. ಆಮ್ಯಾಲ ಬಿಸಲು ಇಳದ ಮ್ಯಾಲ ಏರ್ಲಿ. ತಲಿಗೆ ಹಸಿ ವಸ್ತ್ರ ಇರ್ಲಿ. ಘಳಿಗಿ ಘಳಿಗಿಗೆ ಉಪ್ಪು ಹಾಕಿದ ಮಜ್ಜಿಗಿ ಕುಡಸು, ಇಲ್ಲಂದ್ರ ನೀರರೆ ಕುಡಸು. ಗಿಡದಾಗ ಇದ್ದಾಂವನ ಬೆವರು ನಿಂತ್ರ, ಇಲ್ಲಾ ಮಾತು ತೊದಲಿದ್ರ, ಅಂವ ಏನ ಅನ್ಲಿ, ಇಳಸಬೇಕು. ಸೊಂಟಕ್ಕ ಹಗ್ಗ ಇಲ್ಲದ ಒಂದ ಟೊಂಗಿನೂ ಕಡಸಬ್ಯಾಡ. ಇದೆಲ್ಲಾ ನಿನಗ ಗೊತ್ತೈತಿ, ಕಲಸಿದಾಂವ ನಾನೇ. ಆದ್ರೂ ಇವನ ಸಲುವಾಗಿ ಮತ್ತೊಮ್ಮೆ ಬರದೇನಿ. ನಡು ಮಧ್ಯಾಹ್ನದಾಗ ಇವನ್ನ ಗಿಡದ ಮ್ಯಾಲ ಇಡಬ್ಯಾಡ. ಯಾಕ ಅಂತ ಕೇಳಬ್ಯಾಡ. ಅಣ್ಣನ ಜೀವ ಹಂಗ ಅಂತೈತಿ ಅಂತ ತಿಳಿ.

ಸೋಮನಿಂಗ


ತಾಳಿಕೋಟಿ
೨೯ ಏಪ್ರಿಲ್ ೧೯೫೫

ಸೋಮನಿಂಗಣ್ಣಾರಿಗೆ ಕುತುಬುದ್ದೀನನ ಸಲಾಂ.

ಪರಸಪ್ಪ ಸುಖರೂಪ ಬಂದು ಮುಟ್ಯಾನ. ಹದಿನಾಕು ಮಂದಿ ನನ್ನ ಕೈಕೆಳಗ ಅದಾರ, ಅವರಾಗ ಇವನಂಗ ಏರಾಂವ ಒಬ್ಬನೂ ಇಲ್ಲ. ಮೊನ್ನೆ ಒಂದು ಬೇವಿನ ಗಿಡ ಒಬ್ಬನ ಸವರಿ ಇಳದ. ನೀವು ಹರೇದಾಗ ಇದ್ದಾಗ ಹಿಂಗ ಇದ್ರಿ ಅಂತ ಮಂದಿಗೆ ಹೇಳಿದ್ನಿ.

ನಿಮ್ಮ ಚೀಟಿ ಓದಿ ಅರ್ಧ ನಗು ಬಂತು, ಅರ್ಧ ಸಿಟ್ಟು. ನಿಮ್ಮ ಮುಂದ ಖರೆ ಹೇಳಾಕ ಏನು? ನಾ ಈಗ ಮುಕಾದಮ ಅದೇನ್ರಿ. ಹಸಿ ವಸ್ತ್ರ, ಮಜ್ಜಿಗಿ ಅಂತ ಸಾಲಿ ಹುಡುಗಗ ಬರದಂಗ ಬರದೀರಿ. ನಾ ಓದೂ ಮುಂದ ಕಾರಕೂನ ಹೆಗಲ ಮ್ಯಾಲಿಂದ ಬಗ್ಗಿ ಓದಿ ನಕ್ಕ. ಇರ್ಲಿ ಬಿಡ್ರಿ.

ರಮಜಾನ ಸುರುವಾಗಿ ಐದಾರು ದಿನ ಆತು. ಒಂದ ರೋಜಾನೂ ಬಿಟ್ಟಿಲ್ಲ. ಹನಿ ನೀರು ಇಲ್ಲದ ಸಂಜೀ ತನಕ ಸಡಕಿನ ಮ್ಯಾಲ ನಿಂತಿರ್ತೇನಿ. ಬಿಸಲು ಅನ್ನೂದು ಮನಸ್ಸಿನ್ಯಾಗ ಇರ್ತೈತ್ರಿ ಅಣ್ಣಾ. ಓವರಸೀಯರ ಬಸಂತರಾಯರು ದಿನಾ ಸೈಕಲ್ ಮ್ಯಾಲ ಬಂದು ಎಷ್ಟು ಗಿಡ ಆದೂವು ಅಂತ ಕೇಳ್ತಾರ. ಮಳಿಗಿಂತ ಮೊದಲ ಮುಗಿಸಿದ್ರ ನನ್ನ ಹೆಸರು ಮ್ಯಾಲಿನವರ ತನಕ ಹೋಗ್ತೈತಿ ಅಂದಾರ.

ಪರಸಪ್ಪನ ಚಿಂತಿ ಬಿಡ್ರಿ. ಅಂವ ನನಗೂ ತಮ್ಮನ.

ಕುತುಬುದ್ದೀನ


ವಿಜಾಪುರ
೧೦ ಮೇ ೧೯೫೫

ಅಣ್ಣಾರ,

ತಾರು ಕೊಡಬೇಕಂದ್ನಿ. ತಾರು ಬಂತಂದ್ರ ಮನ್ಯಾಗ ಹೆದರತೀರಿ ಅಂತ ಪತ್ರ ಬರದೇನಿ. ಪರಸಪ್ಪ ಗಿಡದ ಮ್ಯಾಲಿಂದ ಬಿದ್ದಾನ. ಜೀವಕ್ಕ ಏನೂ ಇಲ್ಲ. ಬಲ ತೊಡಿ ಎಲುಬು ಮುರದೈತಿ, ಎಡಗೈ ಮುರದೈತಿ. ಶನಿವಾರ ಬಿದ್ದ, ಅವತ್ತ ಲಾರ್‍ಯಾಗ ಹಾಕ್ಕೊಂಡು ಇಲ್ಲಿ ದವಾಖಾನಿಗೆ ತಂದೇನಿ. ಡಾಕ್ಟರು ದೇವರಂಥವರು.

ಜೇನು ಎದ್ದೂವು ಅಣ್ಣಾ. ದೊಡ್ಡ ಹುಣಸಿಗಿಡ, ಅದರ ಪೊಟರ್‍ಯಾಗ ಹೆಜ್ಜೇನು ಇದ್ದೂವು, ಕೆಳಗಿಂದ ಯಾರಿಗೂ ಕಾಣಲಿಲ್ಲ. ಕೊಡ್ಲಿ ಪೆಟ್ಟಿಗೆ ಒಮ್ಮೆಲೇ ಎದ್ದೂವು. ಕರ್‍ರಗ ಮುಗಲು ಮುಚ್ಚಿದಂಗ ಆತು. ನಾವೆಲ್ಲಾ ಓಡಿದಿವಿ. ಅಂವ ಕೈ ಬಿಟ್ಟ. ಯಾರ ಕೈಯಾಗೂ ಇರಲಿಲ್ಲ. ಬಸಂತರಾಯರೂ ಹಂಗ ಬರಕೊಂಡಾರ.

ನೀವು ಬರ್ರಿ. ನಾ ನಾಳೆ ಕೆಲಸಕ್ಕ ವಾಪಸ್ ಹೋಗಬೇಕು, ಭೆಟ್ಟಿ ಆಗೂದಿಲ್ಲ, ತಪ್ಪು ತಿಳೀಬ್ಯಾಡ್ರಿ.

ಕುತುಬುದ್ದೀನ


ದೇವಣಗಾಂವ
೨೬ ಮೇ ೧೯೫೫

ತಮ್ಮಾ ಕುತುಬು,

ಹನ್ನೊಂದು ದಿನ ದವಾಖಾನ್ಯಾಗ ಇದ್ದು ನಿನ್ನೆ ಊರಿಗೆ ಬಂದೇನಿ. ಕಾಶಿಬಾಯಿ ಅಲ್ಲೇ ಅದಾಳ. ಪರಸಪ್ಪ ಎದ್ದು ಕುಂಡ್ರಾಕ ಇನ್ನೂ ಭಾಳ ದಿನ ಬೇಕು. ಕಾಲಿಗೆ ಇಟ್ಟಂಗಿ ಕಟ್ಟಿ ಎಳದು ಮಲಗಿಸ್ಯಾರ.

ನಿನಗ ಒಂದ ಮಾತು ಹೇಳಬೇಕು. ನಾ ಹೋದ ದಿನಾನೇ ಅವನ ಮೈಯೆಲ್ಲಾ ಒರಸಿ ನೋಡಿದ್ನಿ. ಒಂದ ಕಡೀನೂ ಜೇನು ಕಡದ ಗುರ್ತಿಲ್ಲ. ಹೆಜ್ಜೇನು ಬಯಲ ಟೊಂಗಿಗೆ ತೂಗಬೀಳ್ತಾವ, ಪೊಟರ್‍ಯಾಗ ಇರಂಗಿಲ್ಲ ಅಂತ ನಿನಗ ನಾನೇ ಕಲಸಿದ್ನಿ. ನೀ ಅದನ್ನ ಮರತಾಂವ ಅಲ್ಲ. ಹಂಗಾರ ಇಂವ ಹಿಂಗ್ಯಾಕ ಬರದ ಅಂತ ರಾತ್ರಿ ಹಗಲು ವಿಚಾರ ಮಾಡಿದ್ನಿ. ಕಡೀಕ ತಿಳೀತು. ನೀ ನನ್ನ ಮಾನ ಮುಚ್ಚಾಕ ಬರದೀ.

ಹೋದ ಬ್ಯಾಸಗ್ಯಾಗ ಇಂಡಿ ಕಡೆ ತ್ವಾಟದಾಗ ಕೆಲಸ ಇತ್ತು. ಅಲ್ಲಿ ಪರಸಪ್ಪ ಬಿಸಲಿಗೆ ಗಿಡದ ಮ್ಯಾಲ ಎಚ್ಚರ ತಪ್ಪಿದ್ದ. ಸೊಂಟದ ಹಗ್ಗಕ್ಕ ಜೋತು ಬಿದ್ದು ಉಳದ. ಒಮ್ಮೆ ಝಳ ಬಡದ ಮೈಗೆ ಮತ್ತ ಲಗೂ ಬಡೀತೈತಿ ಅಂತ ನನಗ ಗೊತ್ತಿತ್ತು. ಆ ಮಾತು ಚೀಟ್ಯಾಗ ಬರೀಲಿಲ್ಲ. ಬರದಿದ್ರ ನೀ ಕೆಲಸಕ್ಕ ತಗೋತಿದ್ದಿಲ್ಲ. ಕಾಶಿಬಾಯಿಗೂ ಹೇಳಲಿಲ್ಲ. ಅವಳ ತವರಿನವರು ರೋಗಿಷ್ಟಗ ಹೆಣ್ಣು ಕೊಟ್ಟಿವಿ ಅಂದಾರು ಅಂತ ಅಂಜಿದ್ನಿ. ಮಧ್ಯಾಹ್ನ ಇಡಬ್ಯಾಡ ಅಂತಷ್ಟ ಬರದು ಕೈ ತೊಳಕೊಂಡ್ನಿ.

ಅಂವ ತಾನಾಗಿ ಎಚ್ಚರ ತಪ್ಪಿ ಬಿದ್ದಾನ. ರೋಗಿಷ್ಟನ್ನ ಕಳಸಿದ ಅಂತ ಮಂದಿ ನನಗ ಅಂದಾರು ಅಂತ ನೀ ಜೇನಿನ ಮ್ಯಾಲ ಹಾಕೀದಿ. ಅವನ್ನ ಕೇಳಿದ್ನಿ, "ಮುಕಾದಮ್ರು ಜೇನು ಅಂದ್ರ ಜೇನ ಬಿಡಣ್ಣಾ" ಅಂದು ಮಾರಿ ತಿರುವಿದ. ಅವನಿಗೂ ನಿನ್ನ ಉಪಕಾರ ತಿಳದೈತಿ.

ನಾ ನಿನಗ ವಯಸ್ಸಿನ್ಯಾಗ ದೊಡ್ಡಾಂವ. ಆದ್ರೂ ಕೈ ಮುಗೀತೇನಿ. ನನ್ನ ಕ್ಷಮಾ ಮಾಡು. ನೀ ಕ್ಷಮಾ ಮಾಡೇನಿ ಅಂತ ಬರದ್ರ ಮಾತ್ರ ನನಗ ರೊಟ್ಟಿ ಗಂಟಲದಾಗ ಇಳೀತೈತಿ.

ಕಾಶಿಬಾಯಿ ನಿನ್ನ ಅಣ್ಣಾರು ಅಂತಾಳ. ನಿಮ್ಮ ಈದಿಗೆ ಅಂತ ಮನ್ಯಾಗ ಹೊಸದ ಶಾವಿಗಿ ಕಟ್ಟಿಟ್ಟಿದ್ಲು. ದವಾಖಾನಿ ಗಡಿಬಿಡ್ಯಾಗ ಹಬ್ಬ ದಾಟೇ ಹೋತು. ತಾಳಿಕೋಟಿ ಬಸ್ಸಿನವರ ಕೈಯಾಗ ಕಳಸೇನಿ. ಮನಿಮಂದಿ ಉಣ್ರಿ.

ಸೋಮನಿಂಗ


ತಾಳಿಕೋಟಿ
೧೯ ಜೂನ್ ೧೯೫೫

ಸೋಮನಿಂಗಣ್ಣಾರಿಗೆ ಸಲಾಂ.

ಪತ್ರ ಮುಟ್ಟಿತು. ಕೆಲಸದಾಗ ಪುರಸೊತ್ತು ಆಗಲಿಲ್ಲ. ಆದದ್ದು ಆತು, ಮನಸ್ಸಿಗೆ ಹಚಗೋಬ್ಯಾಡ್ರಿ. ನೀವು ಆ ಸುದ್ದಿ ಬರೀದ ಬಿಟ್ಟದ್ದು ತಪ್ಪು ಖರೆ, ಆದ್ರ ತಮ್ಮನ ಸಲುವಾಗಿ ಮಾಡೀರಿ. ನಾ ಕ್ಷಮಾ ಮಾಡೇನಿ. ಇನ್ನ ಮ್ಯಾಲ ಈ ಮಾತು ತಗೀಬ್ಯಾಡ್ರಿ.

ಶಾವಿಗಿ ಮುಟ್ಟೇತಿ. ಮಳಿ ಇನ್ನೂ ಇಲ್ಲ.

ಕುತುಬುದ್ದೀನ


ದೇವಣಗಾಂವ
೧೮ ಜುಲೈ ೧೯೫೫

ತಮ್ಮಾ ಕುತುಬು,

ನಿನ್ನ ನಾಕ ಸಾಲು ಓದಿ ಅವತ್ತು ಹೊಟ್ಟಿ ತುಂಬ ಉಂಡ್ನಿ. ಅದನ್ನ ಎದಿ ಕಿಸೆದಾಗ ಇಟ್ಕೊಂಡ ಅಡ್ಡಾಡ್ತೇನಿ.

ಪರಸಪ್ಪ ಮನಿಗೆ ಬಂದ. ಕಾಲು ಮೂರು ಬಟ್ಟು ಗಿಡ್ಡ ಕೂಡೇತಿ. ಗಿಡದ ಮಾತು ಮುಗೀತು. ನೀ ಕ್ಷಮಾ ಮಾಡಿದ ಮ್ಯಾಲ ನನಗ ಧೈರ್ಯ ಬಂತು. ಇನ್ನ ಮನ್ಯಾಗೂ ಮುಚ್ಚಿಡಬಾರದು ಅಂತ ಇಬ್ಬರನ್ನೂ ಕುಂಡ್ರಿಸಿಕೊಂಡು ಹೋದ ವರ್ಷದ ಸುದ್ದಿ ಹೇಳಿದ್ನಿ. ಈ ಅನಾಹುತ ನನ್ನಿಂದ ಆತು ಅಂದ್ನಿ.

ಕಾಶಿಬಾಯಿ ಅಳಲಿಲ್ಲ. "ಗೊತ್ತಿದ್ದೂ ಕಳಸಿದ್ರಿ?" ಅಂದ್ಲು. ಹೌದವ್ವ ಅಂದ್ನಿ. ಎಂಟ ದಿನ ಮಾರಿ ನೋಡದ ತಾಟು ಮುಂದ ಸರಿಸಿದ್ಲು. ಒಂಬತ್ತನೇ ದಿನ ಅವಳ ಅಣ್ಣ ಚಕ್ಕಡಿ ತಗೊಂಡ ಬಂದ. ಗಂಡನ್ನ ಚಕ್ಕಡ್ಯಾಗ ಮಲಗಿಸಿಕೊಂಡು ಸಾಲೋಟಗಿಗೆ ಹೋದ್ಲು. ಪರಸಪ್ಪ ಚಕ್ಕಡಿ ಏರೂ ಮುಂದ, "ಅಣ್ಣಾ, ನೀ ತಿಳಕೊಂಡಂಗ ಅಲ್ಲ..." ಅಂತ ಏನೋ ಅನ್ನಾಕ ಹೋದ. ಕಾಶಿಬಾಯಿ, "ಇನ್ನೂ ಅವರನ್ನ ಮುಚ್ಚತೀ ಏನು?" ಅಂದು ಬಾಯಿ ಮುಚ್ಚಿಸಿದ್ಲು. ನಾ ಬೆಳೆಸಿದ ಹುಡುಗ ನನ್ನ ಮನಿಯಿಂದ ಹಂಗ ಹೋದ.

ಅವಳ ತಪ್ಪಿಲ್ಲ. ನನಗ ಬರೋಬರ ಆಗೇತಿ. ನೀ ಒಬ್ಬಾಂವ ನನ್ನ ಕಡೆ ಇದ್ದೀ ಅಂತ ದಿನಾ ಕಳೀತೇನಿ.

ಸೋಮನಿಂಗ


ತಾಳಿಕೋಟಿ
೯ ಆಗಸ್ಟ್ ೧೯೫೫

ಅಣ್ಣಾರ,

ಜೇನು ಇರಲಿಲ್ಲ. ಇದ ಒಂದ ಸಾಲು ಬರಿಯಾಕ ಮೂರು ತಿಂಗಳು ಬೇಕಾತು.

ಅವತ್ತು ತಾಳಿಕೋಟಿಯಿಂದ ಮೂರು ಮೈಲು ಆಚೆ ಆ ಹುಣಸಿಗಿಡ ಹಿಡದಿದ್ವಿ. ಮುಂಜಾನೆ ಬಸಂತರಾಯರು ಬಂದು, "ನಾಳೆ ಲೈನಿನ ಮಂದಿ ಬರ್ತಾರ. ಈ ಗಿಡ ಹಿಂಗ ಇದ್ರ ಯಾರ ಹೆಸರು ಬರೀಲಿ, ಕುತುಬುದ್ದೀನ?" ಅಂದ್ರು. "ಇವತ್ತ ಮುಗೀತೈತ್ರಿ" ಅಂದ್ನಿ. ಬಿಸಲಾಗ ಏರಸು ಅಂತ ಅವರು ಹೇಳಿಲ್ಲ. ಹೇಳಿದಾಂವ ನಾನೇ.

ಹತ್ತಕ್ಕ ಎಲ್ಲಾರೂ ಇಳದ್ರು. ನಾ ಪರಸಪ್ಪನ್ನ ಒಬ್ಬನ್ನ ಕರದು, "ನಾಕ ಟೊಂಗಿ ಉಳದಾವ. ನಿನ್ನ ಕೈ ಲಗೂ ಐತಿ" ಅಂದ್ನಿ. ನೀವು ಬರದ ಮಾತು ನೆನಪಿತ್ತು ಅಣ್ಣಾ. ಮರತಿದ್ನಿ ಅಂದ್ರ ಅದೂ ಸುಳ್ಳ. ನೆನಪಾತು, ಕಾರಕೂನ ನಕ್ಕದ್ದೂ ನೆನಪಾತು. ಇವನ್ನ ಏರಸದ ಬಿಟ್ರ ಸೋಮನಿಂಗನ ಚೀಟಿಗೆ ಅಂಜಿದೆ ಅಂತ ಮಂದಿ ಅಂದಾರು ಅನಿಸಿತು.

ಅಂವ ಏರಿದ. ಎರಡು ಟೊಂಗಿ ಕೆಡವಿದ. ಹೊತ್ತು ನೆತ್ತಿ ಮ್ಯಾಲ ಬಂತು. ಆಗ ಮ್ಯಾಲಿಂದ ಕೂಗಿದ, "ಮುಕಾದಮ್ರ, ಇಳೀಲ್ರಿ? ಕಣ್ಣ ಮುಂದ ಕತ್ತಲಿ ಬರಾಕತ್ತೈತಿ."

ನಮಗ ನೀರು ಹೊರೂ ಅಮೀನಾಬಿ ಖಾಲಾ ಅಲ್ಲೇ ಇದ್ಲು. ಕೈ ಅಡ್ಡ ಹಿಡದು ಮ್ಯಾಲ ನೋಡಿ, "ಅವನ ಬೆವರು ಆರೇತಿ ನೋಡೋ. ಮೈ ಒಣಾ ಕಾಣ್ತೈತಿ. ಇಳಸಪಾ ಅವನ್ನ" ಅಂದ್ಲು.

ಆಗ ನಾ ಏನಂದ್ನಿ ಗೊತ್ತೈತೇನ್ರಿ? ಎಲ್ಲಾರಿಗೂ ಕೇಳೂ ಹಂಗ ಅಂದ್ನಿ, "ನಾ ರೋಜಾ ಇದ್ದಾಂವ, ಮುಂಜಾನಿಂದ ಹನಿ ನೀರು ಮುಟ್ಟದ ನಿಂತೇನಿ. ನೀ ರೊಟ್ಟಿ ತಿಂದಾಂವ, ಮಜ್ಜಿಗಿ ಕುಡದಾಂವ. ನಿನಗೇನ ಧಾಡಿ?" ಮಂದಿ ನಕ್ಕರು. ಅವನೂ ನಕ್ಕ. ನಕ್ಕು ಮತ್ತ ಕೊಡ್ಲಿ ಎತ್ತಿದ.

ಖಾಲಾ ನಗಲಿಲ್ಲ. "ನಿನ್ನ ರೋಜಾ ನಿನ್ನ ಕೊಳ್ಳಾಗ ಇರ್ಲಿ. ಅವನ ಕೊಳ್ಳಿಗೆ ಯಾಕ ಹಾಕ್ತಿ?" ಅಂದ್ಲು. ನಾ ಸುಮ್ಮನಿರು ಅಂದ್ನಿ.

ನಾ ನೆಳ್ಳಾಗ ನಿಂತಿದ್ನಿ ಅಣ್ಣಾ. ಅಂವ ಕಡಿಯೂ ಗಿಡದ ನೆಳ್ಳಾಗ.

ಸ್ವಲ್ಪ ಹೊತ್ತಿಗೆ ಮ್ಯಾಲಿಂದ, "ಹೊಳಿ ಎಲ್ಲೈತಿ? ಹೊಳಿ ಎಲ್ಲಿ ಹೋತು?" ಅಂತ ಕೇಳಿದ. ಚಾಷ್ಟಿ ಅಂತ ತಿಳದ್ನಿ. ಮೊದಲ ಕೊಡ್ಲಿ ಬಿತ್ತು. ಆಮ್ಯಾಲ ಅಂವ.

ಮೈ ಕಾದ ಹಂಚಿನಂಗ ಸುಡತಿತ್ತು. ಖಾಲಾ ಹರವಿ ನೀರೆಲ್ಲಾ ಅವನ ಮ್ಯಾಲ ಸುರವಿ, ಬೇವಿನ ತೊಪ್ಪಲದಿಂದ ಗಾಳಿ ಹಾಕಿ, ಮಂದಿನ್ನ ಬಾವಿಗೆ ಓಡಿಸಿ ಮತ್ತ ನೀರು ತರಿಸಿ ಸುರವಿದ್ಲು. ಅಂವ ಉಳದದ್ದು ಅಕಿ ಕೈಯಿಂದ. ನಾ ಕೈ ಕಟಗೊಂಡು ನಿಂತಿದ್ನಿ. ಲಾರ್‍ಯಾಗ ಹೋಗೂ ಮುಂದ ಜೇನಿನ ಕತಿ ಕಟ್ಟಿದ್ನಿ. ಸಂಜೀಕ ದವಾಖಾನಿ ಪಡಸಾಲ್ಯಾಗ ಯಾರೋ ಪುಣ್ಯಾತ್ಮರು ರೋಜಾ ಬಿಡಾಕ ಖರ್ಜೂರ ಕೊಟ್ರು. ಬಾಯಾಗ ಇಟಗೊಂಡ್ನಿ. ಅವತ್ತಿನ ನನ್ನ ಉಪಾಸ ಅಲ್ಲಾ ಯಾವ ಲೆಕ್ಕಕ್ಕ ಹಿಡದಾನು?

ಇಷ್ಟಾದ ಮ್ಯಾಲ ನೀವು ಕೈ ಮುಗದು ಬರದ್ರಿ. ಓದಿದಾಗ ನನಗ ಮೊದಲು ಏನನಿಸಿತು ಹೇಳ್ಲಿ? ಹಗುರ ಅನಿಸಿತು. ತಪ್ಪು ಹೊರಾಕ ಇನ್ನೊಬ್ಬಾಂವ ಸಿಕ್ಕ ಅನಿಸಿತು. ಗಿಡದ ಕೆಳಗ ಆಡಿದ ಮಾತು ಸೊಕ್ಕಿನ್ಯಾಗ ಆಡಿದ್ನಿ. "ಕ್ಷಮಾ ಮಾಡೇನಿ" ಅಂತ ಬರದದ್ದು ತಿಳದು ತಿಳದು ಬರದ್ನಿ. ಅದಕ್ಕಿಂತ ಹೊಲಸ ಕೆಲಸ ನಾ ಹುಟ್ಟಿದಾಗಿಂದ ಮಾಡಿಲ್ಲ. ಕಾಶಿಬಾಯಿ ಕಳಸಿದ ಶಾವಿಗಿ ಗಂಟು ಇನ್ನೂ ಬಿಚ್ಚಿಲ್ಲ.

ಮೊನ್ನೆ ಮಂದಿನ್ನೆಲ್ಲಾ ನಿಲ್ಲಿಸಿ ಖರೆ ಹೇಳಿದ್ನಿ. ಯಾರೂ ಹುಬ್ಬ ಏರಸಲಿಲ್ಲ. ಖಾಲಾ ಅಂದ್ಲು, "ಇಷ್ಟ ದಿನ ಯಾರಿಗೆ ಗೊತ್ತಿಲ್ಲ ಅಂತ ಮಾಡಿದ್ದಿ?" ಹದಿನಾಕು ಮಂದಿ ದಿನಾ ನನ್ನ ಮಾರಿ ನೋಡಿ, ತಿಳದೂ ತಿಳೀದಂಗ "ಹೌದ್ರಿ ಮುಕಾದಮ್ರ" ಅನ್ನಾಕತ್ತಿದ್ರು.

ಬಸಂತರಾಯರ ಕಡೆ ಹೋದ್ನಿ. ಬರದದ್ದು ಬರದೈತಿ, ಸುಮ್ನ ಹೋಗು ಅಂದ್ರು. ಮುಕಾದಮಕಿ ನನಗ ಬ್ಯಾಡ್ರಿ ಅಂದು ಬಂದೇನಿ.

ಕಾಶಿಬಾಯಿಗೆ ಹೇಳ್ರಿ. ಹೋದ ವರ್ಷದ ಮಾತು ನೀವು ಮುಚ್ಚಿದ್ರೂ, ಇಳಸು ಅಂತ ನೀವು ಬರದಿದ್ರಿ. ಇಳಸದಾಂವ ನಾನು.

ಕುತುಬುದ್ದೀನ

ಸಹಿ ಮಾಡಿದ ಮ್ಯಾಲೂ ಒಂದು ಒಳಗ ಉಳೀತು. ಇದನ್ನ ಬರೀದ ಲಕೋಟಿ ಅಂಟಸಾಕ ಹೋಗಿದ್ನಿ, ಮತ್ತ ತಗದೇನಿ. ಅಂವ ಸೊಂಟಕ್ಕ ಹಗ್ಗ ಕಟಗೊಂಡ ಏರಿದ್ದ. ಟೊಂಗಿಗೊಮ್ಮೆ ಬಿಚ್ಚಿ ಕಟ್ಟಾಕ ಹೊತ್ತಾಗತೈತಿ ಅಂತ, "ಹಗ್ಗ ಬಿಚ್ಚಿ ಒಗಿ, ಲಗೂ ಮುಗಸು" ಅಂದಾಂವ ನಾನೇ. ಹೋದ ವರ್ಷ ಅವನ್ನ ಉಳಿಸಿದ್ದು ಹಗ್ಗ ಅಂತ ನಿಮ್ಮ ಪತ್ರದಾಗ ಓದಿದ್ನಿ.


ದೇವಣಗಾಂವ
೨೧ ಸಪ್ಟೆಂಬರ್ ೧೯೫೫

ಕುತುಬುದ್ದೀನಗ,

ನಿನ್ನ ಪತ್ರ ಬಂದು ತಿಂಗಳ ಮ್ಯಾಲಾತು. ಓದಿದ ದಿನ ಕೊಡ್ಲಿ ತಗೊಂಡು ಬಸ್ ನಿಲ್ಲೂ ಜಾಗಾ ತನಕ ಬಂದಿದ್ನಿ. ಬಸ್ಸು ಹೋಗಿತ್ತು. ಹೋಗಿದ್ದು ಛಲೋ ಆತು.

ಹೋದ ವಾರ ಸಾಲೋಟಗಿಗೆ ಹೋಗಿ ಕಾಶಿಬಾಯಿ ಮುಂದ ನಿನ್ನ ಪತ್ರ ಓದಿದ್ನಿ. ಕಡೀ ಸಾಲು ಓದಾಕ ನನಗ ಆಗಲಿಲ್ಲ. ಪರಸಪ್ಪ ತಾನೇ, "ಹಗ್ಗದ್ದು ಬರದಾರೇನು?" ಅಂತ ಕೇಳಿದ. ಹೂಂ ಅಂದ್ನಿ.

"ನಿನಗೆಲ್ಲಾ ನೆನಪಿತ್ತಲ್ಲ, ಯಾಕ ಹೇಳಲಿಲ್ಲೋ?" ಅಂದ್ನಿ.

"ಅವರು ರೋಜಾದ ಮಾತಂದಾಗ ಎಲ್ಲಾರೂ ನಕ್ಕರು ಅಣ್ಣಾ. ಇಳದ್ರ ಹೇಡಿ ಆಗ್ತೇನಿ ಅನಿಸಿತು. ಇಳೀಬೌದಿತ್ತು. ಇಳೀಲಿಲ್ಲ. ಹಗ್ಗ ಬಿಚ್ಚಿದ ಕೈ ನಂದ. ನಗೀಗೆ ಅಂಜಿ ಕಾಲು ಕಳಕೊಂಡೆ ಅಂತ ಯಾರ ಮುಂದ ಹೇಳ್ಲಿ?" ಅಂದ.

ಕಾಶಿಬಾಯಿ ಒಲಿ ಮುಂದಿಂದ ಎದ್ದು ಬಂದ್ಲು. "ಮೂರೂ ಮಂದಿ ನಾಚಿಗಿ ಕಟಗೊಂಡು ಒಂದೊಂದು ಮೂಲ್ಯಾಗ ಕುಂತೀರಿ. ಕಾಲು ಮಾತ್ರ ಒಬ್ಬಂದ ಹೋತು" ಅಂದ್ಲು. ನನ್ನ ಮಾರಿ ನೋಡಿ ಅಂದ್ಲು. ಎರಡು ತಿಂಗಳ ಮ್ಯಾಲ ನೋಡಿದ್ಲು. ಅವರಿಬ್ಬರೂ ದೀಪಾವಳಿ ದಾಟಿದ ಮ್ಯಾಲ ಊರಿಗೆ ಬರ್ತಾರ.

ನಿನಗ ಅಕಿ ಹೇಳಿಕಳಸಿದ್ದು ಇದು. ಸಾಲೋಟಗ್ಯಾಗ ಮಂದಿ ಪರಸಪ್ಪಗ "ಜೇನಿಗೆ ಅಂಜಿ ಬಿದ್ದಾಂವ" ಅಂತ ಹೆಸರಿಟ್ಟಾರ. ಅಂವ ಕೋಲು ಊರಿಕೋತ ಹೊಂಟ್ರ ಹಿಂದಿಂದ "ಗುಂಯ್" ಅಂತಾರ. ಆ ಹೆಸರು ಹುಟ್ಟಿದ್ದು ನಿನ್ನ ಪತ್ರದಿಂದ. ನೀನ ಬಂದು ಚಾವಡ್ಯಾಗ ನಿಂತು ಅಳಸಬೇಕು. ಬರೂ ಮುಂದ ಏನೂ ತರಬ್ಯಾಡ ಅಂದಾಳ. ಕ್ಷಮಾ ಅನ್ನೂ ಮಾತನ್ನೂ ತರಬ್ಯಾಡ ಅಂದಾಳ.

ನೀ ನನಗ ಜೂನಿನ್ಯಾಗ ಕಳಸಿದ ಕ್ಷಮಾದ ಪತ್ರ ಇದರ ಜೋಡಿ ವಾಪಸ್ ಕಳಸೇನಿ. ಅದನ್ನ ಕೊಡೂ ಹಕ್ಕು ನಿನಗ ಇರಲಿಲ್ಲ. ನನ್ನ ತಪ್ಪು ನನಗಿರ್ಲಿ.

ಸೋಮನಿಂಗ


ತಾಳಿಕೋಟಿ
೧೬ ಅಕ್ಟೋಬರ್ ೧೯೫೫

ಅಣ್ಣಾರ,

ನಿನ್ನೆ ಸಾಲೋಟಗಿಯಿಂದ ಬಂದು ಮುಟ್ಟಿದ್ನಿ. ನೀವೂ ಬರ್ತೀರಿ ಅಂತ ಮಾಡಿದ್ನಿ, ಬರಲಿಲ್ಲ. ನನ್ನ ಮಾರಿ ನೋಡಬಾರದು ಅಂತ ಬರಲಿಲ್ಲ ಅಂತ ತಿಳಕೊಂಡೇನಿ.

ಸಂತಿ ದಿನ, ಚಾವಡಿ ಮುಂದ ಮಂದಿ ಭಾಳ ಇದ್ರು. ಪರಸಪ್ಪ ಕಟ್ಟಿ ಮ್ಯಾಲ ಕುಂತಿದ್ದ, ಕಾಶಿಬಾಯಿ ಆಚೆ ಗ್ವಾಡಿಗೆ ನಿಂತಿದ್ಲು. ನಾ ಹೆಸರು ಹೇಳಿ ಸುರು ಮಾಡಿದ್ನಿ. ಜೇನು ಇರಲಿಲ್ಲ ಅಂದ್ನಿ. ರೋಜಾದ ಮಾತು ಹೇಳಿದ್ನಿ, ಹಗ್ಗದ ಮಾತು ಹೇಳಿದ್ನಿ. ದನಿ ಸಣ್ಣ ಆದಾಗ ಒಬ್ಬ ಮುದುಕರು, "ಗಟ್ಟಿ ಹೇಳಪಾ, ಇತ್ತಾಗ ಕೇಳಾಂಗಿಲ್ಲ" ಅಂದ್ರು. ಮತ್ತ ಮೊದಲಿಂದ ಹೇಳಿದ್ನಿ. ಮುಗಿದ ಮ್ಯಾಲ ಯಾರೂ ಬೈಲಿಲ್ಲ, ಯಾರೂ ಇರ್ಲಿ ಬಿಡು ಅನ್ನಲಿಲ್ಲ. ಒಬ್ಬೊಬ್ಬರ ಎದ್ದು ಸಂತಿಗೆ ಹೋದ್ರು. ಕಾಶಿಬಾಯಿ ಮನಿ ಕಡೆ ತಿರುಗಿದ್ಲು.

ಪರಸಪ್ಪ ಕೋಲು ಊರಿ ಎದ್ದು ನಿಂತ. ಹೊಡಿತಾನ ಅಂತ ಮಾಡಿದ್ನಿ. ಹೊಡದಿದ್ರ ಛಲೋ ಇತ್ತು. ಅಂವ ಒಂದ ಮಾತು ಕೇಳಿದ, "ಉಳದ ಎರಡು ಟೊಂಗಿ ಯಾರ ಕಡದ್ರು?"

ಅಂವ ಸ್ವಲ್ಪ ಕಾದು ಹೋದ. ಅದಕ್ಕ ಈ ಪತ್ರ. ಅವನಿಗೆ ಓದಿ ಹೇಳ್ರಿ.

ಯಾರೂ ಕಡೀಲಿಲ್ಲ. ಲೈನಿನ ಮಂದಿ ಮರುದಿನ ಬರಲಿಲ್ಲ. ಇಪ್ಪತ್ತು ದಿನ ಬಿಟ್ಟು ಬಂದು, ಈ ಬದಿ ನೆಲಾ ಸಡಿಲ ಐತಿ ಅಂತ ಕಂಬ ಎಲ್ಲಾ ಸಡಕಿನ ಆಚೆ ಬದಿಗೆ ನಟ್ಟರು. ಆ ಗಿಡ ಕಡಿಯೂ ಜರೂರನ ಇರಲಿಲ್ಲ.

ಕುತುಬುದ್ದೀನ